ಹೊಳೆಯಲ್ಲಿ ನೆಟ್ಟ ಕೋಲು

ಬಚ್ಚಲುಮನೆಯ ಬಿಳಿ ಟೈಲ್ಸುಗಳ ನಡುವಿನ ಗೆರೆ ಇವತ್ತೂ ಬಾಗಿಯೇ ಇತ್ತು. ನಿಂಗರಾಜ್ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಮತ್ತೆ ನೋಡಿದ; ಎರಡರಲ್ಲೂ ಅದೇ. ಸೂರಿನ ಹತ್ತಿರದಿಂದ ನೆಟ್ಟಗೆ ಇಳಿದು ಬಂದ ಗೆರೆ, ಅವನು ದೃಷ್ಟಿ ಇಟ್ಟ ಜಾಗಕ್ಕೆ ಬರುತ್ತಲೇ ಗೋಡೆಯ ಹಿಂದಿನಿಂದ ಯಾರೋ ಬೆರಳಿಟ್ಟು ತಳ್ಳಿದ ಹಾಗೆ ಒಂದು ಪಕ್ಕಕ್ಕೆ ಉಬ್ಬಿ, ಅಲ್ಲಿಯೇ ಮಸುಕಾಗಿ, ಆ ಮಸುಕನ್ನು ದಾಟಿದ ಮೇಲೆ ಏನೂ ಆಗಿಲ್ಲವೆಂಬಂತೆ ನೆಟ್ಟಗಾಗಿ ನೆಲ ಸೇರುತ್ತಿತ್ತು. ಕಣ್ಣು ಹೊರಳಿಸಿದರೆ ಮಸುಕೂ ಅದರ ಜೊತೆಗೇ ಸರಿಯುತ್ತಿತ್ತು. ಅದು ಗೋಡೆಯದಲ್ಲವೆಂದು ಗೊತ್ತಾಗಿ ಆರು ವಾರವಾಗಿದ್ದರೂ ದಿನಾ ಬೆಳಿಗ್ಗೆ ಬಂದು ನಿಂತು ಗೋಡೆಯನ್ನೇ ಪರೀಕ್ಷಿಸುತ್ತಿದ್ದ. ಹೊರಗಿನಿಂದ ಹೆಂಡತಿ ಪವಿತ್ರ, “ಬಕೆಟ್ ತುಂಬಿ ಹರಿಯೋದು ಇಲ್ಲಿಗೇ ಕೇಳ್ತೈತೆ, ನಳ ನಿಲ್ಲಿಸ್ರೀ” ಅಂದಳು. ಸ್ನಾನ ಮುಗಿಸಿ ಬಂದು ಪಾತ್ರೆಯಿಂದ ಲೋಟಕ್ಕೆ ಚಹಾ ಬಗ್ಗಿಸಿಕೊಳ್ಳುವಾಗ ಧಾರೆ ಲೋಟದ ಅಂಚಿನ ಹೊರಗೆ ಇಳಿಯಲಿತ್ತೇನೋ. ಅಷ್ಟರಲ್ಲಿ ಅವಳು ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ, ಎರಡು ಬೆರಳಿನಿಂದ ಲೋಟವನ್ನು ಧಾರೆಯ ಕೆಳಕ್ಕೆ ಸರಿಸಿದಳು. ಏನೂ ಕೇಳಲಿಲ್ಲ. ಇವಳಿಗೆ ಗೊತ್ತಿದೆ ಎಂದು ಅವನಿಗೆ ಗೊತ್ತಾಯಿತು. ಕೇಳಿಬಿಟ್ಟರೆ ಹಗುರಾದೇನು ಎಂದೂ, ದೇವರೇ ಕೇಳದಿರಲಿ ಎಂದೂ ಒಟ್ಟಿಗೇ ಅನಿಸಿ, ಬಿಸಿ ಚಹಾವನ್ನು ಒಂದೇ ಗುಟುಕಿಗೆ ಕುಡಿದು ನ್ಯಾಮತಿಯ ಬಸ್ ನಿಲ್ದಾಣಕ್ಕೆ ನಡೆದ.

ಹೊನ್ನಾಳಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಎದುರಿನ ಸೀಟಿನವನ ಕಿವಿ ಮೂರಡಿ, ಡ್ರೈವರನ ಕನ್ನಡಿ ಹದಿನಾಲ್ಕಡಿ, ಬಾಗಿಲ ಹತ್ತಿರ ನಿಂತ ಹೆಂಗಸಿನ ಕೈಯ ಬುಟ್ಟಿ ಏಳೂವರೆ ಎಂದು ಮನಸ್ಸು ತಾನೇ ತಾನಾಗಿ ಅಳೆಯುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಅವನು ಮಾಡಿದ್ದು ಅದೊಂದೇ. ಸಿನಿಮಾ ಕ್ಯಾಮೆರಾದ ಮುಂದೆ ನಟರು ಹತ್ತಿರ ಬರಲಿ, ದೂರ ಹೋಗಲಿ, ಅವರ ಕಣ್ಣು ತೆರೆಯ ಮೇಲೆ ಮಸುಕಾಗದಂತೆ ಲೆನ್ಸಿನ ಉಂಗುರವನ್ನು ತಿರುಗಿಸುತ್ತ ಇರುವುದು. ಸರಿಯಾಗಿ ಮಾಡಿದರೆ ಅಂಥ ಕೆಲಸವೊಂದು ಇದೆಯೆಂದೇ ನೋಡುವವರಿಗೆ ತಿಳಿಯುವುದಿಲ್ಲ; ಒಂದು ಬೆರಳಿನಷ್ಟು ತಪ್ಪಿದರೆ ಎಲ್ಲರಿಗೂ ತಿಳಿಯುತ್ತದೆ. ರೀಲು ಇದ್ದ ಕಾಲದಲ್ಲಿ ತಪ್ಪು ತಿಳಿಯಲು ವಾರ ಹಿಡಿಯುತ್ತಿತ್ತು, ಅಷ್ಟರಲ್ಲಿ ಊರೇ ಬದಲಾಗಿರುತ್ತಿತ್ತು. ಈಗ ಮರುಗಳಿಗೆಯಲ್ಲೇ ದೊಡ್ಡ ಮಾನಿಟರಿನಲ್ಲಿ, ಚಹಾ ಲೋಟ ಹಿಡಿದು ನಿಂತ ಅಷ್ಟೂ ಜನರ ಎದುರಿಗೆ. ಮೂರು ದಿನದ ಹಿಂದೆ ಕತ್ತಲಗೆರೆಯಲ್ಲಿ ಆದದ್ದು ಅದೇ. ಅಡಿಗೆಮನೆಯ ಬಾಗಿಲಲ್ಲಿ ನಿಂತ ನಾಯಕಿ ಚೈತ್ರಶ್ರೀ ನಿಧಾನ ತಲೆಯೆತ್ತುವ ಶಾಟು. ನಿರ್ದೇಶನ, ಕ್ಯಾಮೆರಾ ಎರಡನ್ನೂ ತಾನೇ ಮಾಡುವ ಪ್ರಸನ್ನಕುಮಾರ್ ಅದನ್ನು ನಿಲ್ಲಿಸಿ, ದೊಡ್ಡದು ಮಾಡಿ, “ಮೂಗು ಭಾಳ ಚಂದ ಬಂದೈತಪ್ಪ. ಕಣ್ಣು ಎಲ್ಲಿ ಹೋದ್ವು ನಿಂಗರಾಜಣ್ಣ? ನಿಮ್ಮ ಜೇಬು ನೋಡ್ಕಳ್ರಿ ಒಂದ್ಸಲ” ಅಂದಿದ್ದ. ಲೈಟಿನವರೆಲ್ಲ ನಕ್ಕರು. ನಿಂಗರಾಜನೂ ನಕ್ಕ, ಆ ನಗು ಮುಖದ ಮೇಲೆ ಎಷ್ಟು ಹೊತ್ತು ಉಳಿದಿತ್ತೆಂದು ನೆನೆದರೆ ಈಗಲೂ ಕೆನ್ನೆ ಬಿಸಿಯಾಗುತ್ತದೆ. ಸಂಜೆ ವ್ಯಾನು ಹತ್ತುವಾಗ ಪ್ರಸನ್ನಕುಮಾರ್ ಪಕ್ಕಕ್ಕೆ ಕರೆದು, ಈ ಸಲ ನಗದೆ, ಹೆಗಲ ಮೇಲೆ ಕೈಯಿಟ್ಟು, “ಹೊನ್ನಾಳಿ ಹೊಳೆ ಶಾಟ್ ಒಂದು ನೋಡಾನ. ಅದೂ ಹಿಂಗೇ ಆದ್ರೆ ನಾನು ಬೇರೆಯವರನ್ನ ಕರೆಸ್ಬೇಕಾಗ್ತೈತೆ ಅಣ್ಣ, ಬೇಜಾರು ಮಾಡ್ಕಬ್ಯಾಡ್ರಿ” ಅಂದ. ಆ ಕೈಯ ಭಾರ ನಗುವಿಗಿಂತ ಹೆಚ್ಚಾಗಿತ್ತು. ಒಮ್ಮೆ ಬೇರೆಯವರು ಬಂದರೆ ಮತ್ತೆ ತನ್ನನ್ನು ಕರೆಯುವವರಿಲ್ಲ. ಆರು ವಾರದ ಹಿಂದೆ ಚನ್ನಗಿರಿಯ ಕನ್ನಡಕದ ಅಂಗಡಿಯ ಶಿವಮೂರ್ತಪ್ಪ ಚೌಕುಳಿ ಹಾಳೆಯೊಂದನ್ನು ಅವನ ಮುಖದೆದುರು ಹಿಡಿದು, ಗೆರೆಗಳು ಹೆಂಗೆ ಕಾಣ್ತಾವೆ ಹೇಳ್ರಿ ಎಂದು ಕೇಳಿ, ಉತ್ತರ ಕೇಳಿದ ಮೇಲೆ ಹಾಳೆಯನ್ನು ಮೆಲ್ಲಗೆ ಮಡಚಿದ್ದರು. “ಇದು ಕನ್ನಡಕದಿಂದ ಆಗೋದಲ್ಲ, ದೊಡ್ಡ ಆಸ್ಪತ್ರೆಗೆ ತಡ ಮಾಡ್ದೆ ಹೋಗ್ರಿ” ಎಂದು ಚೀಟಿ ಬರೆದುಕೊಟ್ಟು, ಅವನು ಏಳದೆ ಕೂತದ್ದನ್ನು ಕಂಡು, ಬೇರೆ ಗಿರಾಕಿಗಳು ಬಾರದಿರಲೆಂದು ಅಂಗಡಿಯ ಷಟರನ್ನು ಅರ್ಧ ಇಳಿಸಿ ತಾವು ಹೊರಗೆ ಹೋಗಿ ನಿಂತಿದ್ದರು. ಆ ಚೀಟಿ ಇನ್ನೂ ಅವನ ಟೇಪಿನ ಚೀಲದಲ್ಲೇ ಇತ್ತು.

ಹೊನ್ನಾಳಿಯಲ್ಲಿ ಇಳಿದು ಹೊಳೆಯ ದಡಕ್ಕೆ ಬರುವ ಹೊತ್ತಿಗೆ ಮಂಜು ನೀರಿನ ಮೇಲೆ ಮೊಣಕಾಲೆತ್ತರ ನಿಂತಿತ್ತು. ಸೇತುವೆಯ ಮೇಲಿನ ಲಾರಿಗಳ ಸದ್ದು ಬರುತ್ತಿತ್ತು, ಲಾರಿ ಕಾಣುತ್ತಿರಲಿಲ್ಲ. ಜಗಳೂರಿನ ಒಣ ಬಯಲಲ್ಲಿ ಹುಟ್ಟಿ ಬೆಳೆದ ಅವನಿಗೆ ನೀರು ಇಷ್ಟೊಂದು ಒಂದೇ ಕಡೆ ಇರುವುದು ಈ ವಯಸ್ಸಿನಲ್ಲೂ ಒಗ್ಗದ ಸಂಗತಿ, ಈಜು ಬಾರದು. ಕ್ಯಾಮೆರಾದ ಮುಕ್ಕಾಲಿಯನ್ನು ಪಾದ ಮುಳುಗುವಷ್ಟು ನೀರಿನಲ್ಲಿ ಆಗಲೇ ನಿಲ್ಲಿಸಿದ್ದರು. ಅದರ ಮುಂದೆ ನೀರಿನಡಿಯಲ್ಲಿ ಒಂದು ಹಾಸುಬಂಡೆ ಇಳಿಜಾರಾಗಿ ಹೊಳೆಯ ಒಳಕ್ಕೆ ಹೋಗಿತ್ತು. ಆ ಬಂಡೆಯ ಮೇಲೆ ತೊಡೆಮಟ್ಟದ ನೀರಿನಲ್ಲಿ ನಿಂತು, ತೆಪ್ಪ ನಡೆಸುವ ಮುದುಕ ಬೀರಲಿಂಗಪ್ಪ ಬಿದಿರಿನ ಗಳದಿಂದ ತಳವನ್ನು ತಡವುತ್ತಿದ್ದ. ಶಾಟು ಇಷ್ಟೇ: ಮನೆ ಬಿಟ್ಟ ಹೆಂಗಸು, ದಡದ ಮೇಲೆ ಬಿಟ್ಟುಬಂದದ್ದನ್ನು ನೋಡುತ್ತಲೇ, ಕ್ಯಾಮೆರಾದ ಕಡೆಗೆ ಮುಖ ಮಾಡಿ, ಹಿಂದಹಿಂದಕ್ಕೆ ಹೊಳೆಯೊಳಗೆ ನಡೆದು ಹೋಗುತ್ತಾಳೆ. ಹಿಂದಕ್ಕೆ ನಡೆಯುವವಳಿಗೆ ದಾರಿ ಕಾಣುವುದಿಲ್ಲ. ಅದಕ್ಕೇ ಚಿತ್ರದ ಚೌಕಟ್ಟಿನ ಹೊರಗೆ, ಅವಳ ಎಡಗೈ ಪಕ್ಕಕ್ಕೆ ಬರುವಂತೆ ಒಂದು ಕೋಲು. ಕೋಲು ಭುಜದ ಸಮಕ್ಕೆ ಬಂತೆಂದರೆ ನಿಲ್ಲಬೇಕು.

“ಇಲ್ಲಿ,” ಎಂದು ಬೀರಲಿಂಗಪ್ಪ ಬಂಡೆಯ ಸೀಳಿನಲ್ಲಿ ಕೋಲು ಊರಿ, ಸುತ್ತ ಕಲ್ಲು ಒತ್ತಿ ನಿಲ್ಲಿಸಿದ. “ಇದರಿಂದೀಚೆಗೆ ಎಷ್ಟು ಬೇಕಾದ್ರೂ ಕುಣೀಲಿ ತಾಯಿ. ಇದರಿಂದಾಚೆಗೆ ಒಂದು ಹೆಜ್ಜೇನೂ ಇಲ್ಲ ನೋಡ್ರಿ. ಬಂಡೆ ಮುಗೀತೈತೆ. ಮರಳು ತೆಗ್ದು ತೆಗ್ದು ಆಳ್ ಮುಳುಗೋ ಗುಂಡಿ ಮಾಡ್ಯಾರೆ.”

“ಕಾಣ್ಸೋದೇ ಇಲ್ವಲ್ಲಜ್ಜ ಗುಂಡಿ,” ಅಂದಳು ಉಷಾರಾಣಿ, ಸೀರೆ ಒಡವೆ ನೋಡಿಕೊಳ್ಳುವವಳು.

“ನೀರು ನೋಡವ್ವ. ಬಂಡೆ ಮ್ಯಾಲೆ ಗೊಣಗ್ತೈತೆ, ಗುಂಡಿ ಮ್ಯಾಲೆ ಸುಮ್ಕಿರ್ತೈತೆ. ನಮ್ಮನೇಲೂ ಹಂಗೇ, ಮುದುಕಿ ಗೊಣಗೋತಂಕ ಭಯಿಲ್ಲ.”

ಎಲ್ಲರೂ ನಕ್ಕರು. ನಿಂಗರಾಜ್ ಕೋಲಿನ ಆಚೆಯ ನೀರನ್ನು ನೋಡಿದ. ಅಲ್ಲಿ ಒಂದು ಚಾಪೆಯಷ್ಟು ಅಗಲ ನೀರು ಎಣ್ಣೆಯ ಹಾಗೆ ನುಣ್ಣಗಿತ್ತು. ಮಂಜೂ ಅದರ ಮೇಲೆ ಕದಲುತ್ತಿರಲಿಲ್ಲ. ದಿಟ್ಟಿಸಿ ನೋಡಿದರೆ ಅದರ ನಡುಭಾಗ ಮಾಯವಾಗುತ್ತಿತ್ತು. ಅದು ನೀರೋ ತನ್ನ ಕಣ್ಣೋ ತಿಳಿಯದೆ ಬೇರೆ ಕಡೆಗೆ ತಿರುಗಿದ.

ಅಳತೆ ಹಿಡಿಯಲು ಚೈತ್ರಶ್ರೀ ಹಳೆಯ ಚೂಡಿದಾರದಲ್ಲೇ ನೀರಿಗಿಳಿದಳು. ಶಾಟಿನ ಸೀರೆ ಒಂದೇ ಇತ್ತು, ಒದ್ದೆಯಾದರೆ ಮತ್ತೆ ಅವತ್ತು ಒಣಗುವುದಿಲ್ಲ. ಒಂದೇ ಸೀರೆ, ಒಂದೇ ಟೇಕು. ನಿಂಗರಾಜ್ ಟೇಪಿನ ತುದಿಯನ್ನು ಕ್ಯಾಮೆರಾದ ಮೈಯ ಪುಟ್ಟ ಕೊಕ್ಕೆಗೆ ಸಿಕ್ಕಿಸಿ ಅವಳತ್ತ ನಡೆದ. ಬೇರೆ ನಟಿಯರು ಕಣ್ಣಿನ ಹತ್ತಿರ ಟೇಪು ಬಂದರೆ ಮುಖ ಸಿಂಡರಿಸುತ್ತಾರೆ. ಇವಳು ಮಾತ್ರ ಮೊದಲ ದಿನದಿಂದಲೂ ಟೇಪನ್ನು ತಾನೇ ಇಸಿದುಕೊಂಡು, ಕಣ್ಣಿನ ಕೊನೆಗೆ ತಾನೇ ಮುಟ್ಟಿಸಿಕೊಂಡು, ಅವನು ಓದಿ ಮುಗಿಸುವವರೆಗೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು.

“ಎಷ್ಟಣ್ಣ?”

“ಹನ್ನೆರಡಡಿ ಅಮ್ಮ.”

“ಹನ್ನೆರಡಡಿ ದೂರ ಹೋಗಾಕೆ ಈ ಹೆಂಗ್ಸು ಎರಡು ಗಂಟೆ ಸಿನಿಮಾ ತಗಂಡ್ಲು ನೋಡ್ರಿ,” ಎಂದು ನಕ್ಕು, ಟೇಪನ್ನು ಒದ್ದೆಯಾಗದಂತೆ ಎತ್ತಿ ಹಿಡಿದೇ ಅವನ ಕೈಗೆ ಕೊಟ್ಟಳು.

ದಡದ ಮೇಲೆ ಛತ್ರಿಯ ಕೆಳಗಿನ ತನ್ನ ಪುಟ್ಟ ಮಾನಿಟರಿನ ಮುಂದೆ ಕೂತು, ಕೈಯಲ್ಲಿನ ಚಕ್ರದ ಬಿಳಿ ಪಟ್ಟಿಯ ಮೇಲೆ ಆರು, ಎಂಟು, ಹತ್ತು, ಹನ್ನೆರಡು ಎಂದು ಪೆನ್ಸಿಲಿನಲ್ಲಿ ಗೀಟು ಹಾಕಿದ. ಚಕ್ರ ತಿರುಗಿಸಿದರೆ ಅಲ್ಲಿ ನೀರಿನಲ್ಲಿ ನಿಂತ ಕ್ಯಾಮೆರಾದ ಲೆನ್ಸು ತಿರುಗುತ್ತದೆ, ತಂತಿಯೂ ಬೇಡ. ಆದರೆ ಆ ಲೆನ್ಸಿನಲ್ಲಿ ಪ್ರಸನ್ನಕುಮಾರ್ ಕೇಳಿದ ಹಾಗೆ ಬೆಳಕಿನ ಕಿಂಡಿಯನ್ನು ಪೂರಾ ತೆರೆದು ಚಿತ್ರ ತೆಗೆದರೆ ಹನ್ನೆರಡಡಿಯಲ್ಲಿ ಚೊಕ್ಕಟವಾಗಿ ಕಾಣುವ ಆಳ ಆರು ಬೆರಳು ದಾಟುವುದಿಲ್ಲ. ಅವಳು ಒಂದು ಚೂರು ಹಿಂದೆ ವಾಲಿದರೆ, ನೀರು ಒಂದು ಚೂರು ತೂಗಿದರೆ, ಮುಗಿಯಿತು. ಮುಂಚೆ ಇದು ಅವನಿಗೆ ಆಟವಾಗಿತ್ತು. ಈಚೆಗೆ, ಅಂಚುಗಳನ್ನು ಕೆಂಪು ಬಣ್ಣದಲ್ಲಿ ತೋರಿಸುವ ಮಾನಿಟರಿನ ಸವಲತ್ತನ್ನು ಹಾಕಿಕೊಂಡು ಹೇಗೋ ದಾಟಿಸುತ್ತಿದ್ದ. ಇಲ್ಲಿ ಅದನ್ನು ಹಾಕಿದರೆ ಹೊಳೆಯೇ ಕೆಂಪು. ಪ್ರತಿ ಅಲೆಯೂ ಮಿನುಗಿ, ಪರದೆಯ ತುಂಬ ರಕ್ತ ಚೆಲ್ಲಿದ ಹಾಗೆ. ಅವನು ತಟ್ಟನೆ ಅದನ್ನು ಆರಿಸಿದ. ಇನ್ನೆರಡು ಬೆರಳು ಆಳ ಇದ್ದರೆ ಸಾಕಾಗಿತ್ತು. ಅವಳು ಒಂದೂವರೆ ಅಡಿ ಹಿಂದೆ ಹೋಗಿ ನಿಂತರೆ ಆ ಎರಡು ಬೆರಳು ಸಿಗುತ್ತದೆ. ಲೆಕ್ಕ ಅಷ್ಟು ಸರಳವಾಗಿತ್ತು. ಪ್ರಸನ್ನಕುಮಾರನನ್ನು ಕೇಳಬಹುದು, ಆದರೆ ಕೇಳಿದರೆ ಯಾಕೆ ಅನ್ನುತ್ತಾನೆ, ಯಾಕೆ ಅಂದರೆ ಕಣ್ಣಿನ ಮಾತು ಹೇಳಬೇಕಾಗುತ್ತದೆ.

ಇಡ್ಲಿ ಬಂತೆಂದು ಜನವೆಲ್ಲ ವ್ಯಾನಿನ ಕಡೆ ಹೋದಾಗ ಅವನು ಲೆನ್ಸು ಒರೆಸುವ ಬಟ್ಟೆ ಹಿಡಿದು ನೀರಿಗೆ ಇಳಿದ. ಯಾರೂ ನೋಡುತ್ತಿರಲಿಲ್ಲ, ನೋಡಿದ್ದರೂ ಫೋಕಸ್‌ನವನು ಮಾರ್ಕು ನೋಡಲು ಹೋಗಿದ್ದಾನೆ ಅನ್ನುತ್ತಿದ್ದರು. ಬೀರಲಿಂಗಪ್ಪ ತೆಪ್ಪ ತರಲು ಕೆಳಗಿನ ತಿರುವಿಗೆ ಹೋಗಿದ್ದ. ನೀರು ತೊಡೆಗೆ ಬಂದಾಗ ನಿಂಗರಾಜ್ ಒಂದೊಂದೇ ಹೆಜ್ಜೆಯನ್ನು ತಡವಿ ಇಟ್ಟ. ಯಾರಾದರೂ ಅಂಚಿಗೆ ಕೋಲು ನೆಡುತ್ತಾರೆಯೇ ಎಂದು ತನಗೆ ತಾನೇ ಹೇಳಿಕೊಂಡ. ಸಿನಿಮಾದಲ್ಲಿ ಒಂಬತ್ತು ಗಂಟೆಗೆ ಬೇಕಾದವರನ್ನು ಏಳಕ್ಕೆ ಬನ್ನಿ ಅನ್ನುತ್ತಾರೆ, ಹತ್ತಡಿ ಬೇಕಾದಲ್ಲಿ ಹನ್ನೆರಡು ಕೇಳುತ್ತಾರೆ. ಯಾರ ಮಾತಿನಲ್ಲೂ ಕೈಯಷ್ಟಗಲ ಹೆಚ್ಚಿಗೆ ಇದ್ದೇ ಇರುತ್ತದೆ, ಅದನ್ನು ಕಳೆದುಕೊಂಡೇ ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಮುದುಕನೂ ಎರಡು ಮೂರು ಮೊಳ ಬಿಟ್ಟೇ ನೆಟ್ಟಿರುತ್ತಾನೆ. ಬಿಡದೆ ಇರುತ್ತಾನೆಯೇ. ಜಗಳೂರಿನಲ್ಲಿ ಅಪ್ಪ ಓಬಳಪ್ಪ ಸರ್ವೆಯವರ ಜೊತೆ ಸರಪಳಿ ಹಿಡಿಯಲು ಹೋಗುತ್ತಿದ್ದ. ಒಮ್ಮೆ ಗಂಡ ಸತ್ತ ಶಂಕರಮ್ಮನ ಹೊಲ ಅಳೆಯುವಾಗ ಗಡಿಯ ಬಾಂದುಕಲ್ಲು ಸರಿದು ಅವಳ ಪಾಲಿಗೆ ಒಂದು ಮೊಳ ಜಾಸ್ತಿ ಬರುವ ಹಾಗೆ ಸರಪಳಿಯನ್ನು ಸಡಿಲ ಹಿಡಿದಿದ್ದ. ಮನೆಗೆ ಬರುವ ದಾರಿಯಲ್ಲಿ, “ಸರಪಳಿ ಸುಳ್ಳು ಹೇಳಲ್ಲ ಮಗ, ಹಿಡಿದೋನು ಹೇಳ್ತಾನೆ” ಎಂದು ನಕ್ಕಿದ್ದ. ಅಪ್ಪನ ಆ ನಗುವಿನಲ್ಲಿ ಹೆದರಿಕೆ ಇರಲಿಲ್ಲ. ನಿಂಗರಾಜ್ ಕೋಲನ್ನು ಅಲುಗಿಸಿದ. ಅದು ಸುಲಭವಾಗಿ ಬಂತು. ಆಚೆ ಕಾಲಿನಿಂದ ತಡವಿದ. ಅಲ್ಲಿಯೂ ಗಟ್ಟಿ, ಇನ್ನೂ ಗಟ್ಟಿ, ಎಂದೇ ಅನಿಸಿತು, ಅಥವಾ ಹಾಗೆ ಅನಿಸಲಿ ಎಂದು ಕಾಲನ್ನು ಬೇಗನೆ ಎಳೆದುಕೊಂಡ. ಆ ಪಕ್ಕದಲ್ಲಿ ಬಂಡೆ ಒಂದು ಮೂಲೆಯಾಗಿ ಮುಂದಕ್ಕೆ ಚಾಚಿದ್ದಲ್ಲಿ, ಎರಡು ಕಲ್ಲಿನ ನಡುವೆ ಕೋಲನ್ನು ಒತ್ತಿ ನಿಲ್ಲಿಸಿ, ಟೇಪು ಹಿಡಿದ. ಹದಿಮೂರಡಿ ಆರಿಂಚು. ಟೇಪು ಸುತ್ತಿಕೊಂಡ.

ದಡಕ್ಕೆ ಬಂದಾಗ ಉಷಾರಾಣಿ ಅವನಿಗೆಂದು ತೆಗೆದಿಟ್ಟ ಇಡ್ಲಿಯ ತಟ್ಟೆಯನ್ನು ಇನ್ನೊಂದು ತಟ್ಟೆಯಿಂದ ಮುಚ್ಚಿಟ್ಟಿದ್ದಳು. “ನೀವೊಬ್ರೇ ಉಪವಾಸ ಕೆಲ್ಸ ಮಾಡೋರು. ತಿನ್ರಿ, ಆರೋಗ್ತವೆ.” ಒಂದು ತುತ್ತು ಬಾಯಿಗಿಟ್ಟುಕೊಂಡ. ಉಳಿದದ್ದನ್ನು ಮುಚ್ಚಿಟ್ಟು, ಚಕ್ರದ ಪಟ್ಟಿಯ ಮೇಲೆ ಹದಿಮೂರೂವರೆಗೆ ಇನ್ನೊಂದು ಗೀಟು ಹಾಕಿದ.

ಬೀರಲಿಂಗಪ್ಪ ತೆಪ್ಪವನ್ನು ಬಂಡೆಯ ಹತ್ತಿರವೇ ನಿಲ್ಲಿಸುತ್ತೇನೆಂದ. ಪ್ರಸನ್ನಕುಮಾರ್ ಬೇಡವೆಂದ. “ಅಜ್ಜ, ನೀನು ಹೀರೋ ಅಲ್ಲ ಕಣಪ್ಪ, ಫ್ರೇಮಲ್ಲಿ ಬರ್ತೀಯ. ಆ ಜೊಂಡಿನ ಹಿಂದಕ್ಕೋಗು.” ಮುದುಕ ಒಲ್ಲದ ಮನಸ್ಸಿನಿಂದ ಗಳ ಊರಿ ಮೂವತ್ತಡಿ ಕೆಳಗೆ ಹೋದ. ಅಲ್ಲಿಂದ ಕೋಲು ಅವನಿಗೆ ಬರಿಯ ಗೆರೆಯಾಗಿ ಕಂಡಿರಬೇಕು. ಕ್ಯಾಮೆರಾದಿಂದ ತಲೆಯೆತ್ತಿ ಕೋಲಿನ ಕಡೆ ನೋಡಿದ ಪ್ರಸನ್ನಕುಮಾರ್, “ಜಾಗ ಒಂಚೂರು ಜಾಸ್ತಿ ಬಿಟ್ಟಂಗೈತಲ್ಲ ಹಿಂದೆ?” ಅಂದ. ನಿಂಗರಾಜ್ ಚಕ್ರದ ಮೇಲೆ ಬಗ್ಗಿದ. “ಪರವಾಗಿಲ್ಲ, ಚೆನ್ನಾಗೈತೆ. ಒಂಟಿ ಕಾಣ್ತಾಳೆ” ಎಂದು ಪ್ರಸನ್ನಕುಮಾರನೇ ಮತ್ತೆ ಅಂದ. ಸೂರ್ಯ ಮಂಜಿನ ಹಿಂದೆ ಹುಣ್ಣಾದ ಕಣ್ಣಿನ ಹಾಗೆ ಕೆಂಪಗೆ ಎದ್ದಿದ್ದ. ಈಗ ಹೇಳಬಹುದಿತ್ತು. ಈಗಲೂ ಹೇಳಬಹುದು. ರೋಲ್ ಅಂದರು. ಸದ್ದು ನಿಂತಿತು. ಚೈತ್ರಶ್ರೀ ಸಾಸಿವೆ ಬಣ್ಣದ ಸೀರೆಯಲ್ಲಿ ಕ್ಯಾಮೆರಾದ ಮುಂದೆ ಬಂದು ನಿಂತು, ಒಮ್ಮೆ ಅವನು ಕೂತ ಕಡೆಗೆ ನೋಡಿ ಸಣ್ಣಗೆ ತಲೆಯಾಡಿಸಿದಳು, ನಾನು ಸರಿಯಾಗಿ ನಡೀತೀನಿ, ನೀವು ನೋಡ್ಕಳ್ರಿ ಅನ್ನುವ ಹಾಗೆ.

ಆರು. ಅವಳ ಕಣ್ಣಿನ ರೆಪ್ಪೆಗಳು ಒಂದೊಂದಾಗಿ ಕಂಡವು. ಏಳು. ಎಂಟು. ಚಕ್ರ ಅವನ ಹೆಬ್ಬೆರಳಿನ ಕೆಳಗೆ ಬೆಣ್ಣೆಯಂತೆ ತಿರುಗುತ್ತಿತ್ತು. ಅವನು ಪರದೆಯನ್ನು ನೇರ ನೋಡದೆ ಓರೆಯಾಗಿ ನೋಡುತ್ತಿದ್ದ, ಹಾಗೆ ನೋಡಿದರೆ ಮಸುಕು ಪಕ್ಕಕ್ಕೆ ನಿಲ್ಲುತ್ತಿತ್ತು, ಅವಳ ಮುಖ ಉಳಿಯುತ್ತಿತ್ತು. ಹತ್ತು. ತುಟಿಯ ಮೇಲಿನ ಬೆವರ ಹನಿ. ಎಷ್ಟೋ ತಿಂಗಳಾಗಿತ್ತು ಕೈ ಹೀಗೆ ಮನಸ್ಸಿಗಿಂತ ಮುಂಚೆ ತಿಳಿದುಕೊಂಡು. ಹನ್ನೊಂದು. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು. ಹನ್ನೆರಡು, ಮುದುಕನ ಜಾಗ, ಅವಳು ದಾಟಿದಳು, ಏನೂ ಆಗಲಿಲ್ಲ. ಹೇಳಲಿಲ್ಲವೇ, ಎಲ್ಲರೂ ಬಿಟ್ಟೇ ನೆಡುತ್ತಾರೆ. ಹನ್ನೆರಡೂವರೆ. ಹದಿಮೂರು. ಅವಳ ಮುಖ ಇದ್ದಕ್ಕಿದ್ದಂತೆ ಒಂದು ಗೇಣು ಕೆಳಗಿಳಿಯಿತು. ಕೈ ಚಕ್ರವನ್ನು ತಿರುಗಿಸಿ ಹಿಡಿದುಕೊಂಡಿತು. ಕಣ್ಣುಗಳು ಅಗಲವಾದವು, ಕಪ್ಪು ಗುಡ್ಡೆಯ ಸುತ್ತ ಬಿಳುಪು ಪೂರ್ತಿ ಉಂಗುರವಾಗಿ ಕಂಡಿತು, ಅದರಲ್ಲಿ ಕ್ಯಾಮೆರಾದ ಚೌಕದ ಪ್ರತಿಬಿಂಬವೂ ಕಂಡಿತು. ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಅದು ನಟನೆ ಅಲ್ಲವೆಂದು ಆ ದಡದ ಮೇಲೆ ಗೊತ್ತಿದ್ದವನು ಅವನೊಬ್ಬನೇ. ಹದಿಮೂರೂಕಾಲು. ನೀರು ಗಲ್ಲಕ್ಕೆ ಬಂತು. ಕೈ ಹಿಡಿದೇ ಇತ್ತು. ಒಂದು ಕೂದಲೆಳೆಯೂ ಮಸುಕಾಗಲಿಲ್ಲ. ಮೂಗು, ಹಣೆ, ತೇಲಿದ ಸೆರಗು.

“ಕಟ್!” ಎಂದು ಯಾರೋ ಕಿರುಚಿದರು. ಅದು ನಿರ್ದೇಶಕ ಮಾತ್ರ ಹೇಳಬೇಕಾದ ಮಾತು. ಎಲ್ಲರೂ ತಿರುಗಿ ತನ್ನನ್ನು ನೋಡಿದಾಗ ಕಿರುಚಿದ್ದು ತಾನೆಂದು ಅವನಿಗೆ ತಿಳಿಯಿತು.

ಬೀರಲಿಂಗಪ್ಪ ಆ ಮಾತಿಗೆ ಕಾದಿರಲಿಲ್ಲ. ತೆಪ್ಪದಿಂದ ಆಗಲೇ ಧುಮುಕಿದ್ದ. ಸುಳಿ ಅವಳನ್ನು ನಾಲ್ಕು ಮಾರು ಎಳೆದೊಯ್ಯುವಷ್ಟರಲ್ಲಿ ಮುದುಕನ ಕೈಗೆ ಅವಳ ಜಡೆ ಸಿಕ್ಕಿತು. ದಡಕ್ಕೆ ತಂದು ಮಗ್ಗುಲಾಗಿ ಮಲಗಿಸಿದಾಗ ಅವಳು ನೀರು ಕಾರಿ, ಕೆಮ್ಮಿ, ಎದ್ದು ಕೂತಳು. ಉಷಾರಾಣಿ ಟವೆಲ್ಲನ್ನೂ ತನ್ನ ಶಾಲನ್ನೂ ಸುತ್ತಿ, ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡಳು. ಪ್ರಸನ್ನಕುಮಾರನ ಮುಖ ಬಿಳಿಚಿತ್ತು. ಹೆದರಿಕೆ ಇಳಿಯುತ್ತಿದ್ದಂತೆ ಸಿಟ್ಟು ಏರಿತು, ಅದಕ್ಕೆ ಹತ್ತಿರದಲ್ಲಿ ಸಿಕ್ಕಿದವನು ಮುದುಕ.

“ಏನಜ್ಜ, ಕಣ್ಣು ಕಾಣಲ್ವ ನಿಂಗೆ? ಇಲ್ಲೀಗಂಟ ಗಟ್ಟಿ ಅಂತ ನೀನೇ ತಾನೆ ಕೋಲು ನೆಟ್ಟಿದ್ದು? ಜೀವ ಹೋಗಿದ್ರೆ ಯಾರಪ್ಪ ಹೊಣೆ?”

ಬೀರಲಿಂಗಪ್ಪನ ಬಟ್ಟೆಯಿಂದ ನೀರು ಸುರಿಯುತ್ತಿತ್ತು. ಅವನು ಹೊಳೆಯನ್ನು ನೋಡಿದ, ಕೋಲನ್ನು ನೋಡಿದ, ತನ್ನ ಕೈಗಳನ್ನು ನೋಡಿಕೊಂಡ. “ತಪ್ಪಾತು ಸಾಮಿ,” ಅಂದ. “ನಾನು ತಡವಿ ನೋಡೇ ನೆಟ್ಟಿದ್ದೆ. ಒಂದು ಗೇಣು ಬಿಟ್ಟಿದ್ದೆ. ಹೆಂಗಾತೋ ಗೊತ್ತಾಗ್ವಲ್ದು. ವಯಸ್ಸಾತು. ಕಣ್ಣೇ ಮೋಸ ಮಾಡಿದ್ವೇನೋ.”

ಒಂದು ಗೇಣು. ಎರಡು ಮೂರು ಮೊಳವಲ್ಲ. ಹೇಳಿದ್ದನ್ನು ಹೇಳಿದಷ್ಟೇ ಅಳತೆಯಲ್ಲಿ ಮಾಡಿದ ಮನುಷ್ಯ. ನಿಂಗರಾಜ್ ಬಾಯಿ ತೆರೆಯಬೇಕೆಂದುಕೊಂಡ. ಅಷ್ಟರಲ್ಲಿ ಚೈತ್ರಶ್ರೀ ಶಾಲಿನೊಳಗಿನಿಂದ ಅವನತ್ತ ಕತ್ತೆತ್ತಿ, ನಡುಗುವ ಹಲ್ಲುಗಳ ನಡುವೆ, “ಅಣ್ಣ, ಕಟ್ ಅಂದಿದ್ದು ನೀವಲ್ವಾ? ಕಿವಿ ನೀರೊಳಗೆ ಹೋಗೋ ಹೊತ್ನಲ್ಲಿ ಕೇಳುಸ್ತು. ಯಾರೋ ನೋಡ್ತಿದಾರೆ ಅಂತ ಧೈರ್ಯ ಆತು” ಅಂದಳು. ಅಷ್ಟು ಚಳಿಯಲ್ಲಿ ಅವಳು ನಗಲು ನೋಡಿದಳು. ಅವನ ಬಾಯಿ ಮುಚ್ಚಿಕೊಂಡಿತು. ಪ್ರಸನ್ನಕುಮಾರ್ ಅವನನ್ನು ಮಾನಿಟರಿನ ಹತ್ತಿರ ಎಳೆದುಕೊಂಡು ಹೋಗಿ ಶಾಟನ್ನು ಹಾಕಿ ತೋರಿಸಿದ. ದನಿ ತಗ್ಗಿತ್ತು, ಆದರೆ ಅದರಲ್ಲಿ ಬೇರೊಂದು ನಡುಕ ಸೇರಿತ್ತು. “ನೋಡ್ರಿ ಇದನ್ನ. ಏನ್ ಶಾರ್ಪ್ ಹಿಡಿದೀರಿ ಮಾರಾಯ. ಇಂಥದ್ದು ಜನ್ಮದಲ್ಲಿ ಒಂದ್ಸಲ ಬರೋದು. ಬೇರೆಯವರನ್ನ ಕರೆಸ್ತೀನಿ ಅಂದಿದ್ನಲ್ಲ, ಅದನ್ನ ಮರೆತುಬಿಡ್ರಿ ಅಣ್ಣ.” ನಿಂಗರಾಜ್ ಅವಳ ಮುಖವನ್ನು ನೋಡಲಿಲ್ಲ. ಪರದೆಯ ಮೂಲೆಯಲ್ಲಿ ಓಡುವ ಅಂಕಿಗಳನ್ನು ನೋಡಿದ. ಅವಳ ಮುಖ ಕೆಳಗಿಳಿದ ಗಳಿಗೆಯಿಂದ ತನ್ನ ದನಿ ಕೇಳುವವರೆಗೆ ನಾಲ್ಕು ಸೆಕೆಂಡು, ಮೇಲೆ ಹನ್ನೊಂದು ಫ್ರೇಮು. ಎಲ್ಲರೂ ಕಣ್ಣು ನೋಡುತ್ತಿದ್ದರು, ಯಾರೂ ಆ ಅಂಕಿಗಳನ್ನು ನೋಡುತ್ತಿರಲಿಲ್ಲ. ನಾಲ್ಕು ಸೆಕೆಂಡು ತಾನು ಮಾಡಿದ್ದೇನೆಂದರೆ, ಮುಳುಗುವವಳನ್ನು ಚೊಕ್ಕಟವಾಗಿ ಹಿಡಿದಿಟ್ಟದ್ದು.

“ಸಾರ್,” ಎಂದು ಹಿಂದಿನಿಂದ ಬೀರಲಿಂಗಪ್ಪ ಕರೆದ. ಒದ್ದೆ ಬಟ್ಟೆಯನ್ನೂ ಬದಲಿಸಿರಲಿಲ್ಲ. “ನಿಮ್ಮ ಟೇಪ್ ತಗಂಡು ಒಂದೀಟು ಬರ್ತೀರಾ? ನಾನು ಎಷ್ಟು ತಪ್ಪೀನಿ ಅಂತ ನೋಡ್ಬೇಕು.”

“ಈಗ್ಯಾಕಜ್ಜ. ಬಿಡು.”

“ಬಿಡಾಕೆ ಹೆಂಗಾಗ್ತೈತೆ ಸಾರ್. ಗಣಪ್ಪನ್ನ ಬಿಡೋವಾಗ ಊರ ಹುಡುಗ್ರಿಗೆ, ಇಲ್ಲೀಗಂಟ ಬರ್ರಿ, ಮುಂದೆ ಬರಬ್ಯಾಡ್ರಿ ಅಂತ ಕೋಲು ನೆಡೋನು ನಾನೇ. ಮೂವತ್ತೊರ್ಷ ಆತು. ನನ್ನ ಕಣ್ಣು ಹೋಗಿದ್ರೆ ನಂಗೆ ಗೊತ್ತಾಗ್ಬೇಕು. ಗೊತ್ತಿಲ್ದಂಗೆ ಇನ್ನೊಂದ್ಸಲ ನೆಟ್ರೆ ಪಾಪ ಅಲ್ವಾ?”

ನಿಂಗರಾಜ್ ಟೇಪು ತೆಗೆದುಕೊಂಡು ಅವನ ಹಿಂದೆ ನೀರಿಗೆ ಇಳಿದ. ಮಂಜು ಪೂರ್ತಿ ಬಿಟ್ಟಿರಲಿಲ್ಲ. ಬಂಡೆ ಜಾರುವಲ್ಲಿ ಮುದುಕ ಹಿಂದಕ್ಕೆ ತಿರುಗದೆಯೇ ಗಳದ ಇನ್ನೊಂದು ತುದಿಯನ್ನು ಅವನ ಕೈಗೆ ಚಾಚಿದ, ಹಿಡ್ಕಳ್ರಿ ಎಂದೂ ಅನ್ನಲಿಲ್ಲ. ಹನ್ನೆರಡಡಿಯ ಹತ್ತಿರ ಮುದುಕ ನಿಂತ. ಬಗ್ಗಿ, ನೀರೊಳಗೆ ಭುಜದವರೆಗೆ ಕೈ ಹಾಕಿ, ಬಂಡೆಯ ಸೀಳನ್ನು ಹುಡುಕಿ, ಅದರಲ್ಲಿ ಬೆರಳಿಟ್ಟ. ಸುತ್ತ ಒತ್ತಿದ್ದ ಕಲ್ಲುಗಳು ಹಾಗೆಯೇ ಇದ್ದವು. ಅಲ್ಲಿಂದ ಕತ್ತೆತ್ತಿ, ಆಚೆ, ಸುಮ್ಮನಿರುವ ನೀರಿನ ಅಂಚಿನಲ್ಲಿ ನಿಂತಿದ್ದ ಕೋಲನ್ನು ನೋಡಿದ. ಆಮೇಲೆ ನಿಂಗರಾಜನ ಕಡೆ ತಿರುಗಿದ. ಹತ್ತಿರದಲ್ಲೇ ಇದ್ದ ಆ ಸುಕ್ಕುಗಟ್ಟಿದ ಮುಖದಲ್ಲಿ ಸಿಟ್ಟಿರಲಿಲ್ಲ.

“ಅಜ್ಜ, ಅದನ್ನ ಸರಿಸಿದ್ದು,” ಎಂದು ಶುರುಮಾಡಿದ.

“ಇಲ್ಲಿ ನಂಗೆ ಹೇಳಿ ಏನು ಸಾರ್,” ಅಂದ ಬೀರಲಿಂಗಪ್ಪ. “ನಂಗೆ ಗೊತ್ತಾತಲ್ಲ, ನನ್ನ ಕಣ್ಣು ಸರಿ ಐತೆ ಅಂತ. ನಂಗೆ ಅಷ್ಟು ಸಾಕು.” ಕೋಲನ್ನು ಕಿತ್ತು ಹೊಳೆಗೆ ಬಿಟ್ಟ. ಅದು ಗುಂಡಿಯ ಮೇಲೆ ಒಮ್ಮೆ ನಿಧಾನ ಸುತ್ತು ಬಂದು ಕೆಳಕ್ಕೆ ತೇಲಿಹೋಯಿತು. “ಆ ತಾಯಿ ದಡದ ಮ್ಯಾಲೆ ಕುಂತೈತೆ.”

ವಾಪಸು ನಡೆಯುವಾಗ ಮುದುಕ ಗಳದ ತುದಿಯನ್ನು ಅವನಿಗೆ ಕೊಟ್ಟೇ ನಡೆದ. ದಡದ ಮೇಲೆ ಬೆಂಕಿ ಹಾಕಿದ್ದರು. ಚೈತ್ರಶ್ರೀ ಎರಡೂ ಕೈಯಲ್ಲಿ ಲೋಟ ಹಿಡಿದು ಚಹಾ ಕುಡಿಯುತ್ತಿದ್ದಳು, ಪಕ್ಕದಲ್ಲಿ ಉಷಾರಾಣಿ ಅವಳ ಕೂದಲು ಒರೆಸುತ್ತಿದ್ದಳು. ನಿಂಗರಾಜ್ ಅವರೆದುರು ನಿಂತ. ನಿಂತಲ್ಲೇ ಪ್ಯಾಂಟಿನಿಂದ ನೀರು ಇಳಿದು ಮರಳಿನಲ್ಲಿ ಕಪ್ಪು ಕಲೆಯಾಯಿತು.

“ಅಜ್ಜ ಸರಿಯಾಗೇ ನೆಟ್ಟಿದ್ದ ಅಮ್ಮ,” ಅಂದ. “ಆಮೇಲೆ ಕೋಲು ಸರಿಸಿದ್ದು ನಾನು. ನಂಗೆ ಕಣ್ಣು ಸರಿಯಾಗಿ ಕಾಣಲ್ಲ. ನೀವು ದೂರ ನಿಂತ್ರೆ ಫೋಕಸ್ ಸುಲಭ ಆಗ್ತಿತ್ತು.”

ಉಷಾರಾಣಿಯ ಕೈ ಕೂದಲಲ್ಲೇ ನಿಂತಿತು. ಪ್ರಸನ್ನಕುಮಾರ್ ಓಡಿಬಂದ ಹಾಗೆ ಬಂದು ಅವನ ತೋಳು ಹಿಡಿದ. “ನಿಂಗರಾಜಣ್ಣ, ಏನ್ ಮಾತಾಡ್ತಾ ಇದೀರಿ, ನೀವೂ ಹೆದರೀರಿ. ನಡೀರಿ ಆ ಕಡೆ. ಶಾಟ್ ಓಕೆ ಆಗೈತೆ. ಆಗಿದ್ದು ಆತು, ಇದು ಇಲ್ಲಿಗೇ ಬಿಡಾನ.” ಹಿಡಿತ ಬಲವಾಗಿತ್ತು. ನಿಂಗರಾಜ್ ಕದಲಲಿಲ್ಲ. ಚೈತ್ರಶ್ರೀ ಲೋಟವನ್ನು ಮರಳಿನ ಮೇಲಿಟ್ಟಳು. ಬೀಳದಂತೆ ಅದರ ಬುಡವನ್ನು ಮರಳಿಗೆ ಒತ್ತಿದಳು. ಹಲ್ಲುಗಳ ನಡುಕ ನಿಂತಿತ್ತು.

“ಎಷ್ಟು?” ಅಂದಳು.

“ಏನಮ್ಮ?”

“ಎಷ್ಟು ಸರಿಸಿದ್ರಿ?”

“ಒಂದೂವರೆ ಅಡಿ.”

ಅವಳು ಶಾಲಿನಿಂದ ಎರಡೂ ಕೈಗಳನ್ನು ಹೊರಗೆ ತೆಗೆದು, ಅಂಗೈಗಳನ್ನು ಎದುರುಬದುರಾಗಿ ಗಾಳಿಯಲ್ಲಿ ಹಿಡಿದಳು. ನೀರಿನಲ್ಲಿ ನೆನೆದ ಬೆರಳುಗಳು ಬಿಳಿಚಿ ಮುದುಡಿದ್ದವು. ನಡುವಿನ ಜಾಗವನ್ನು ನೋಡುತ್ತ, “ಇಷ್ಟಾ?” ಎಂದು ಕೇಳಿದಳು.

ಅವನು ಟೇಪು ತೆಗೆಯಬೇಕಾಗಿರಲಿಲ್ಲ. ಅಲ್ಲಿ ಒಂದು ಅಡಿಯೂ ಇರಲಿಲ್ಲ.

“ಇಲ್ಲಮ್ಮ,” ಅಂದ. “ಇನ್ನೂ ಅಗಲ.”

ಅವಳು ಕೈಗಳನ್ನು ದೂರ ಸರಿಸಿದಳು. “ಇಷ್ಟಾ?”

“ಇನ್ನೂ,” ಅಂದ ನಿಂಗರಾಜ್.